ಮುಂದೆ ಬಾಗಿದ ಗಾಜಿನ ಅಕ್ವೇರಿಯಂಗೆ ಮರದ ಸ್ಟ್ಯಾಂಡ್: ಬಾಗಿನ ಜಾಗಕ್ಕೆ ಆಧಾರ ಹೇಗೆ ಕೊಡುವುದು?

ಕದ್ರಿ_ಗಪ್ಪಿ:
ಎಲ್ಲರಿಗೂ ನಮಸ್ಕಾರ. ಮುಂದಿನ ಗಾಜು ಬಾಗಿರುವ ಟ್ಯಾಂಕ್ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದೆ. ಉದ್ದ 120 ಸೆಂ.ಮೀ., ಎತ್ತರ 50. ಅಗಲ ಎರಡು ಬದಿಯಲ್ಲಿ 40, ನಡುವಿನಲ್ಲಿ 50. ಅಂದರೆ ಮುಂದಿನ ಗಾಜು ನಡುವೆ 10 ಸೆಂ.ಮೀ. ಹೊರಗೆ ಬಂದಿದೆ. ಗಾಜಿನ ದಪ್ಪ 10 ಮಿ.ಮೀ. ಅಡಿಯಲ್ಲಿ ಸುತ್ತಲೂ ಕಪ್ಪು ಪ್ಲಾಸ್ಟಿಕ್ ಫ್ರೇಮ್ ಇದೆ. ಸ್ಟ್ಯಾಂಡ್ ಮಾತ್ರ ಇಲ್ಲ.
ಅಂಗಡಿಯಲ್ಲಿ ಸಿಗುವುದೆಲ್ಲ ನೇರ ಮುಖದ ಸ್ಟ್ಯಾಂಡ್. ಅದರ ಮೇಲೆ ಇಟ್ಟರೆ ಬಾಗಿದ ಭಾಗ ಗಾಳಿಯಲ್ಲಿ ಉಳಿಯುತ್ತದೆ. ನನಗೆ ಮರದ್ದೇ ಬೇಕು, ನಾನೇ ಮಾಡಬೇಕು ಅಂತ ಆಸೆ. ಡ್ರಿಲ್, ಜಿಗ್ ಸಾ, ಮೂಲೆಮಟ್ಟ, ನಾಲ್ಕೈದು ಕ್ಲಾಂಪ್ ಇವೆ. ಬಾಗು ಹೇಗೆ ಗುರುತು ಹಾಕುವುದು, ಅದರ ಅಡಿಗೆ ಆಧಾರ ಹೇಗೆ ಕೊಡುವುದು, ನಮ್ಮ ಮಳೆಗಾಲಕ್ಕೆ ಯಾವ ಮರ ತಡೆಯುತ್ತದೆ? ಮಾಡಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಕಂಕನಾಡಿ_ಕಾರ್ಪ್:
ಕಬ್ಬಿಣದ ಆಂಗಲ್‌ನಲ್ಲಿ ವೆಲ್ಡಿಂಗ್ ಮಾಡಿಸಿ ಬಿಡಿ ಮಾರಾಯ್ರೆ. ಒಂದು ದಿನದ ಕೆಲಸ.

ಪಣಂಬೂರು_ಗಾಳಿ:
ಕಡಲ ಹತ್ತಿರ ಮನೆ ಇದ್ದವರಿಗೆ ಕಬ್ಬಿಣ ಬೇಡವೇ ಬೇಡ. ಉಪ್ಪುಗಾಳಿ ಒಂದು ಕಡೆ, ಟ್ಯಾಂಕಿನಿಂದ ಚಿಮ್ಮುವ ನೀರು ಇನ್ನೊಂದು ಕಡೆ. ಪೇಂಟ್ ಒಂದು ಕಡೆ ಎದ್ದರೆ ಸಾಕು, ಒಳಗಿಂದಲೇ ತಿನ್ನುತ್ತಾ ಹೋಗುತ್ತದೆ. ಅವರು ಮರದ್ದು ಕೇಳಿದ್ದಾರೆ, ಮರದ್ದೇ ಹೇಳುವ.

ಬ್ರಹ್ಮಾವರದ_ಬಡಗಿ:
ಕದ್ರಿಯವರೇ, ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಭಾರ ಮರದಿಂದ ಮರಕ್ಕೆ ಇಳಿಯಬೇಕು, ಸ್ಕ್ರೂ ಮೇಲೆ ನೇತಾಡಬಾರದು. ತುಂಬಾ ಜನ ಕಾಲಿನ ಬದಿಗೆ ಅಡ್ಡಪಟ್ಟಿ ಇಟ್ಟು ಎರಡು ಸ್ಕ್ರೂ ಹೊಡೆದು ಆಯ್ತು ಅನ್ನುತ್ತಾರೆ. ಆಗ ಟ್ಯಾಂಕಿನ ಅಷ್ಟೂ ಭಾರ ಆ ಸ್ಕ್ರೂಗಳ ಮೇಲೆ. ಹಾಗೆ ಮಾಡಬೇಡಿ. ಮೇಲಿನ ಚೌಕಟ್ಟು ಕಾಲಿನ ತಲೆಯ ಮೇಲೆ ಕೂರಬೇಕು. ಕಾಲು ಕೆಳಗಿನ ಚೌಕಟ್ಟಿನ ಮೇಲೆ ನಿಲ್ಲಬೇಕು. ಸ್ಕ್ರೂ, ಫೆವಿಕಾಲ್ ಎಲ್ಲ ಅವುಗಳನ್ನು ಅಲುಗಾಡದಂತೆ ಹಿಡಿಯುವುದಕ್ಕೆ ಮಾತ್ರ.
ಇನ್ನು ಬಾಗಿನ ವಿಷಯ. ನಿಮ್ಮದು ಪ್ಲಾಸ್ಟಿಕ್ ಫ್ರೇಮ್ ಇರುವ ಟ್ಯಾಂಕ್. ಅಂಥದ್ದರಲ್ಲಿ ಭಾರ ಅಡಿಯ ಗಾಜಿನ ನಡುವಿನಿಂದ ಇಳಿಯುವುದಿಲ್ಲ, ಸುತ್ತಲಿನ ಅಂಚಿನಿಂದ ಇಳಿಯುತ್ತದೆ. ಆದ್ದರಿಂದ ಬಾಗಿದ ಅಂಚಿಗೂ ಉದ್ದಕ್ಕೂ ಆಧಾರ ಬೇಕು. ಮುಂದೆ ನೇರ ಪಟ್ಟಿ ಹಾಕಿ, ಮೇಲೆ ಬಾಗಿದ ಪ್ಲೈವುಡ್ ಇಟ್ಟರೆ ನಡುವಿನ 10 ಸೆಂ.ಮೀ. ಪ್ಲೈ ಮೇಲೆಯೇ ನೇತಾಡುತ್ತದೆ. ಮೊದಲ ದಿನ ಏನೂ ಆಗುವುದಿಲ್ಲ. ಎರಡು ಮಳೆಗಾಲ ಕಳೆಯಲಿ, ಪ್ಲೈ ಮೆಲ್ಲ ಜಗ್ಗುತ್ತದೆ, ಫ್ರೇಮ್ ಅದರ ಜೊತೆ ಹೋಗುತ್ತದೆ, ಸಿಲಿಕಾನ್ ಜೋಡಣೆ ಎಳೆಯುತ್ತದೆ.
ದಾರಿ ಸುಲಭ ಉಂಟು. 18 ಮಿ.ಮೀ. ಪ್ಲೈಯಲ್ಲಿ ಮೂರು ಇಂಚು ಅಗಲದ ಬಾಗಿದ ಪಟ್ಟಿಗಳನ್ನು ಕತ್ತರಿಸಿ. ಅಂಥ ಮೂರು ಪಟ್ಟಿಯನ್ನು ಒಂದರ ಮೇಲೊಂದು ಅಂಟಿಸಿ. 54 ಮಿ.ಮೀ. ದಪ್ಪದ ಬಾಗಿದ ತೊಲೆ ಸಿಕ್ಕಿತು. ಅದು ಮುಂದಿನ ಚೌಕಟ್ಟು. ನಾಲ್ಕು ಮೂಲೆಗೆ ನಾಲ್ಕು ಕಾಲು ಹೇಗೂ ಇರುತ್ತದೆ. ಬಾಗಿನ ಅಡಿಗೆ, ಬಾಗಿಲು ಬರುವ ಜಾಗ ಬಿಟ್ಟು, ಇನ್ನೆರಡು ಕಾಲು ಕೊಡಿ. ಕೆಳಗಿನ ಚೌಕಟ್ಟೂ ಅದೇ ಬಾಗಿನಲ್ಲಿ ಇರಲಿ.

ಕದ್ರಿ_ಗಪ್ಪಿ:
ಆಚಾರ್ರೆ, ತುಂಬಾ ಉಪಕಾರ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಕಾಲಿಗೆ ಎಷ್ಟು ದಪ್ಪದ ಮರ ಬೇಕು?

ಬ್ರಹ್ಮಾವರದ_ಬಡಗಿ:
3 ಇಂಚು × 2 ಇಂಚು ಧಾರಾಳ. ನೆಟ್ಟಗೆ ನಿಂತ ಗಿಡ್ಡ ಕಾಲು ಭಾರಕ್ಕೆ ಮುರಿಯುವುದಿಲ್ಲ. ಸ್ಟ್ಯಾಂಡ್ ಕೆಡುವುದು ಓರೆಯಾಗಿ. ಯಾರೋ ಬಂದು ಒರಗಿದರು, ಮಕ್ಕಳು ತಳ್ಳಿದರು ಅಂತ ಇಟ್ಟುಕೊಳ್ಳಿ, ಆಗ ಪಕ್ಕಕ್ಕೆ ವಾಲಬಾರದು. ಹಿಂದೆ ಮತ್ತು ಎರಡೂ ಬದಿಗೆ 12 ಮಿ.ಮೀ. ಪ್ಲೈ ಅಂಟಿಸಿ ಸ್ಕ್ರೂ ಹಾಕಿ. ಆ ಹಲಗೆಗಳೇ ಚೌಕಟ್ಟನ್ನು ಬಿಗಿಯಾಗಿ ಹಿಡಿಯುತ್ತವೆ. ಹಿಂದೆ ಪೂರ್ತಿ ತೆರೆದು ಬಿಡುವವರು ಇದ್ದಾರೆ, ಅದು ಅಪಾಯ.

ಸುರತ್ಕಲ್_ಸಿವಿಲ್:
ಭಾರದ ಲೆಕ್ಕ ಯಾರೂ ಹಾಕಲಿಲ್ಲ, ನಾನು ಹಾಕುತ್ತೇನೆ.
ಅಡಿಯ ವಿಸ್ತೀರ್ಣ: 120 × 40 = 4,800. ಬಾಗಿದ ಭಾಗ ಸುಮಾರು 120 × 10ರ ಮೂರನೇ ಎರಡು, ಅಂದರೆ 800. ಒಟ್ಟು 5,600 ಚದರ ಸೆಂ.ಮೀ. ನೀರು 45 ಸೆಂ.ಮೀ. ಎತ್ತರಕ್ಕೆ ತುಂಬಿದರೆ 252 ಲೀಟರ್. ಒಂದು ಲೀಟರ್ ಅಂದರೆ ಒಂದು ಕೆ.ಜಿ. ಗಾಜು ಒಂದು ಚದರ ಮೀಟರಿಗೆ, ಒಂದು ಮಿ.ಮೀ. ದಪ್ಪಕ್ಕೆ ಎರಡೂವರೆ ಕೆ.ಜಿ. 10 ಮಿ.ಮೀ.ಗೆ 25. ಈ ಟ್ಯಾಂಕಿನಲ್ಲಿ ಹೆಚ್ಚುಕಡಿಮೆ 2.2 ಚದರ ಮೀಟರ್ ಗಾಜು ಇದೆ, ಅದು 55 ಕೆ.ಜಿ. ಮರಳು, ಕಲ್ಲು, ಸ್ಟ್ಯಾಂಡ್, ಫಿಲ್ಟರ್ ಎಲ್ಲ ಸೇರಿಸಿ 400 ಕೆ.ಜಿ. ಅಂತ ಹಿಡಿಯಿರಿ.
ಈಗ ಮುಖ್ಯ ಪ್ರಶ್ನೆ. ಎಷ್ಟನೇ ಮಹಡಿ?

ಕದ್ರಿ_ಗಪ್ಪಿ:
ಎರಡನೇ ಮಹಡಿ ಸರ್. ಫ್ಲ್ಯಾಟ್. ಆರ್‌ಸಿಸಿ ಸ್ಲ್ಯಾಬ್.

ಕಂಕನಾಡಿ_ಕಾರ್ಪ್:
400 ಕೆ.ಜಿ.ಯಾ! ಫ್ಲ್ಯಾಟಿನಲ್ಲಿ ಇಡಲೇಬೇಡಿ. ಕೆಳಗಿನ ಮನೆಯವರ ಗತಿ ಎಂತ?

ಸುರತ್ಕಲ್_ಸಿವಿಲ್:
ಕಾರ್ಪ್ ಅವರೇ, ಸುಮ್ನೆ ಹೆದರಿಸಬೇಡಿ. ಮನೆಗಳ ಸ್ಲ್ಯಾಬಿಗೆ ಬಳಕೆಯ ಭಾರ ಅಂತ ಒಂದು ಚದರ ಮೀಟರಿಗೆ 200 ಕೆ.ಜಿ. ಹಿಡಿದು ಡಿಸೈನ್ ಮಾಡುತ್ತಾರೆ, ಐಎಸ್ 875 ಸಂಹಿತೆಯ ಎರಡನೇ ಭಾಗದಲ್ಲಿ ಇದೆ. ಟ್ಯಾಂಕ್ ಕೂತ ಜಾಗದಲ್ಲಿ ಅದಕ್ಕಿಂತ ಜಾಸ್ತಿ ಬೀಳುತ್ತದೆ, ನಿಜ. ಆದರೆ ಸ್ಲ್ಯಾಬ್ ಇಡೀ ಕೋಣೆಯದ್ದು, ಟ್ಯಾಂಕ್ ಅರ್ಧ ಚದರ ಮೀಟರಿನದ್ದು. ಆರು ಜನ ದೊಡ್ಡವರು ಒಂದು ಸೋಫಾ ಹತ್ತಿರ ಗುಂಪು ಕಟ್ಟಿ ನಿಂತರೂ ಇದೇ ಭಾರ ಅಲ್ವಾ?
ಆದರೆ ಜಾಗ ನೋಡಿ ಇಡಬೇಕು. ಕೋಣೆಯ ನಡುವೆ ಬೇಡ. ಅಡಿಯಲ್ಲಿ ಬೀಮ್ ಇರುವ ಗೋಡೆಗೆ ತಾಗಿಸಿ ಇಡಿ. ಬಾಲ್ಕನಿಯಂಥ ಹೊರಚಾಚಿದ ಜಾಗದಲ್ಲಿ ಇಡಲೇಬಾರದು. ಜನ ಬರುತ್ತಾರೆ ಹೋಗುತ್ತಾರೆ, ಟ್ಯಾಂಕ್ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಕಟ್ಟಡ ಹಳೆಯದಾದರೆ, ಸೀಲಿಂಗ್‌ನಲ್ಲಿ ಬಿರುಕೋ ತುಕ್ಕಿನ ಕಲೆಯೋ ಕಂಡರೆ, ಒಬ್ಬ ಎಂಜಿನಿಯರನ್ನು ಕರೆದು ತೋರಿಸಿ.

ಮೂಡುಬಿದಿರೆ_ಮನೆ:
ಹಂಚಿನ ಮನೆಯವರಿಗೂ ಒಂದು ಮಾತು. ಮುಚ್ಚಿಗೆಯ ಮರದ ಹಲಗೆ ಮೇಲೆ ಇಷ್ಟು ದೊಡ್ಡ ಟ್ಯಾಂಕ್ ಇಡಬೇಡಿ. ನಡೆದಾಡಿದರೆ ಹಲಗೆ ಕುಲುಕುತ್ತದೆ, ನೀರೂ ಕುಲುಕುತ್ತದೆ. ಕೆಳಗೆ ಕಾವಿ ನೆಲದ ಮೇಲೆ ಇಡಿ, ಚಂದವೂ ಕಾಣುತ್ತದೆ.

ಪುತ್ತೂರು_ತೋಟ:
ನನಗೆ ಒಂದು ಅರ್ಥ ಆಗುವುದಿಲ್ಲ. ಬಾಗು ಯಾಕೆ ತರಬೇಕು? 125 × 55ರ ಆಯತಾಕಾರದ ಸ್ಟ್ಯಾಂಡ್ ಮಾಡಿ. ಬಾಗಿದ ಗಾಜು ಪೂರ್ತಿ ಅದರ ಒಳಗೇ ಬರುತ್ತದೆ. ಸುತ್ತಲಿನ ಅಂಚಿಗೆ ಆಧಾರ ಬೇಕು ಅಂದರಲ್ಲ, ಬಾಗಿನ ಅಡಿಗೆ ಹಿಂದಿನಿಂದ ಮುಂದಕ್ಕೆ ನಾಲ್ಕು ಅಡ್ಡಪಟ್ಟಿ ಕೊಡಿ. ಎರಡು ಮೂಲೆಯಲ್ಲಿ ಸ್ವಲ್ಪ ಜಾಗ ಉಳಿಯುತ್ತದೆ, ಮೀನಿನ ಆಹಾರದ ಡಬ್ಬಿ ಇಡಬಹುದು. ಕೆಲಸ ಅರ್ಧ ಉಳಿಯಿತು.

ಮಣಿಪಾಲ_ಮೀನಾಕ್ಷಿ:
ಕೆಲಸ ಉಳಿಯಿತು, ಚಂದ ಹೋಯಿತು. ಬಾಗಿದ ಟ್ಯಾಂಕ್ ತಗೊಳ್ಳುವುದೇ ಆ ಮುಖಕ್ಕೋಸ್ಕರ. ಅದರ ಅಡಿಗೆ ಪೆಟ್ಟಿಗೆ ಇಟ್ಟರೆ ಹೇಗೆ? ಮತ್ತೆ ಆ ಎರಡು ಮೂಲೆ ಸಣ್ಣ ಮಕ್ಕಳ ಹಣೆಯ ಎತ್ತರಕ್ಕೇ ಬರುತ್ತದೆ. ಮನೆಯಲ್ಲಿ ಓಡಾಡುವ ಮಕ್ಕಳಿದ್ದರೆ ಬಾಗೇ ಒಳ್ಳೆಯದು.

ಪುತ್ತೂರು_ತೋಟ:
ಮೂಲೆ ಉಜ್ಜಿ ದುಂಡಗೆ ಮಾಡಿದರಾಯ್ತಲ್ಲ ಅಕ್ಕ.

ಮಣಿಪಾಲ_ಮೀನಾಕ್ಷಿ:
ಅಷ್ಟು ಉಜ್ಜುವ ಬದಲು ಬಾಗನ್ನೇ ಕತ್ತರಿಸಬಹುದು.

ಕಾರ್ಕಳ_ಕಟ್ಟೆ:
ಮುರಕಲ್ಲು ಎರಡು ಸಾಲು ಕಟ್ಟಿ ಮೇಲೆ ಕಡಪ ಕಲ್ಲು ಹಾಕಿದರೆ ಗೆದ್ದಲೂ ಇಲ್ಲ, ತುಕ್ಕೂ ಇಲ್ಲ. ನಮ್ಮ ಜಗಲಿಯಲ್ಲಿ ಹಾಗೇ ಮಾಡಿದ್ದೇವೆ. ಅಡುಗೆಮನೆಯ ಕಲ್ಲು ಕತ್ತರಿಸುವವರು ಬಾಗು ಕೂಡ ಕತ್ತರಿಸಿ ಕೊಡುತ್ತಾರೆ.

ಸುರತ್ಕಲ್_ಸಿವಿಲ್:
ನೆಲಮಹಡಿಗೆ ಭಾರೀ ಒಳ್ಳೆಯದು. ಎರಡನೇ ಮಹಡಿಗೆ ಕಲ್ಲಿನ ಭಾರವನ್ನೂ ಸೇರಿಸುವುದು ಬೇಡ.

ಮಲ್ಪೆ_ದಕ್ಕೆ:
ಬಾಗು ಗುರುತು ಹಾಕುವುದಕ್ಕೆ ನಮ್ಮಲ್ಲಿ ದೋಣಿ ಕೆಲಸದವರು ಮಾಡುವ ಕ್ರಮ ಹೇಳುತ್ತೇನೆ. ಗಂಟಿಲ್ಲದ ಒಂದು ತೆಳು ರೀಪು, ಅಂದರೆ ಮರದ ಪಟ್ಟಿ, ತಗೊಳ್ಳಿ. ಅಡಿಕೆ ಮರದ ಸಲಾಕೆ ನಯವಾಗಿ ಕೆತ್ತಿದ್ದರೂ ಆದೀತು. ಪ್ಲೈ ಮೇಲೆ 120 ಸೆಂ.ಮೀ.ಗೆ ನೇರ ಗೆರೆ ಎಳೆದು ಎರಡು ತುದಿಗೆ ಮೊಳೆ ಹೊಡೆಯಿರಿ. ನಡುವಿನಿಂದ 10 ಸೆಂ.ಮೀ. ಮುಂದೆ ಇನ್ನೊಂದು ಮೊಳೆ. ರೀಪನ್ನು ಆ ಮೂರು ಮೊಳೆಗೆ ಬಗ್ಗಿಸಿ ಹಿಡಿದು ಪೆನ್ಸಿಲ್ ಓಡಿಸಿ. ಎಲ್ಲಿಯೂ ಮುರಿದಂತೆ ಕಾಣದ ಗೆರೆ ಬರುತ್ತದೆ. ಗೆರೆ ಸರಿ ಉಂಟಾ ಅಂತ ನೋಡಲು ನೆಲಕ್ಕೆ ಕಣ್ಣು ತಂದು ಉದ್ದಕ್ಕೆ ನೋಡಬೇಕು. ತಗ್ಗು ಉಬ್ಬು ಇದ್ದರೆ ಆಗ ಗೊತ್ತಾಗುತ್ತದೆ. ದೋಣಿಯ ಹಲಗೆಯನ್ನೂ ಹಾಗೇ ನೋಡುತ್ತಾರೆ.

ಸುರತ್ಕಲ್_ಸಿವಿಲ್:
ರೀಪು ಒಂದೇ ಸಮ ದಪ್ಪ ಇಲ್ಲದಿದ್ದರೆ ಬಾಗು ಒಂದು ಬದಿಗೆ ಜಾಸ್ತಿ ಆಗುತ್ತದೆ. ಲೆಕ್ಕದಲ್ಲಿ ಮಾಡಿ, ಸುಲಭ. ಉದ್ದದ ವರ್ಗವನ್ನು ಬಾಗಿನ ಎಂಟು ಪಟ್ಟಿನಿಂದ ಭಾಗಿಸಿ, ಅದಕ್ಕೆ ಬಾಗಿನ ಅರ್ಧ ಸೇರಿಸಿ. 14,400 ÷ 80 = 180. ಅದಕ್ಕೆ 5 ಸೇರಿಸಿದರೆ 185 ಸೆಂ.ಮೀ. ಇದು ತ್ರಿಜ್ಯ. ನೆಲದ ಮೇಲೆ ಒಂದು ಮೊಳೆ, 185 ಸೆಂ.ಮೀ. ದೂರದಲ್ಲಿ ಪೆನ್ಸಿಲ್. ದಾರ ಎಳೆದರೆ ಹಿಗ್ಗುತ್ತದೆ, ಆದ್ದರಿಂದ ದಾರದ ಬದಲು ತೂತು ಹೊಡೆದ ಒಂದು ಪಟ್ಟಿ ಬಳಸಿ.

ಮಲ್ಪೆ_ದಕ್ಕೆ:
ಗಾಜು ಬಗ್ಗಿಸಿದವರು ನಿಮ್ಮ 185 ನೋಡಿ ಬಗ್ಗಿಸಿದ್ದಾರಾ ಸರ್? ತುದಿಯಲ್ಲಿ ಸ್ವಲ್ಪ ನೇರ, ನಡುವೆ ಜಾಸ್ತಿ ಬಾಗು ಇರುವ ಟ್ಯಾಂಕೂ ಇರುತ್ತದೆ.

ಬ್ರಹ್ಮಾವರದ_ಬಡಗಿ:
ಇಬ್ಬರದ್ದೂ ಸರಿ, ಆದರೆ ಎರಡೂ ಬೇಡ. ಟ್ಯಾಂಕ್ ಕೈಯಲ್ಲೇ ಉಂಟಲ್ಲ. ದೊಡ್ಡ ರಟ್ಟಿನ ಮೇಲೆ ಅದನ್ನು ನೆಟ್ಟಗೆ ಇಟ್ಟು ಸುತ್ತಲೂ ಪೆನ್ಸಿಲ್ ಎಳೆಯಿರಿ. ಫ್ರಿಜ್ ಬಂದ ಪೆಟ್ಟಿಗೆಯ ರಟ್ಟು ಸಾಕು. ಎತ್ತುವಾಗ ಇಬ್ಬರು ಬೇಕು. ಬೋರಲು ಹಾಕಿ ಗೆರೆ ಎಳೆಯಬೇಡಿ. ಮೇಲಿನ ಫ್ರೇಮ್ ಮತ್ತು ಕೆಳಗಿನ ಫ್ರೇಮ್ ಒಂದೇ ಅಳತೆ ಅಂತ ಇಲ್ಲ. ಪೆನ್ಸಿಲಿನ ದಪ್ಪಕ್ಕೆ ಗೆರೆ ಎರಡು ಮೂರು ಮಿ.ಮೀ. ಹೊರಗೆ ಬೀಳುತ್ತದೆ, ಅದು ಒಳ್ಳೆಯದೇ. ಹಲಗೆ ಸ್ವಲ್ಪ ದೊಡ್ಡದಿದ್ದರೆ ತೊಂದರೆ ಇಲ್ಲ, ಫ್ರೇಮ್ ಮಾತ್ರ ಹಲಗೆಯಿಂದ ಹೊರಗೆ ಬರಬಾರದು. ರಟ್ಟಿಗೆ ಎಡ ಬಲ ಅಂತ ಬರೆದು ಇಡಿ.

ಕುಂದಾಪ್ರ_ಕೋಡಿ:
ಹೌದ್ ಮರ್ರೆ, ರಟ್ಟೇ ಬೆಸ್ಟ್.

ಕಂಕನಾಡಿ_ಕಾರ್ಪ್:
ಹಲಗೆ ಮೇಲೆ ಥರ್ಮೋಕೋಲ್ ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಗಾಜು ಒಡೆಯುತ್ತದೆ.

ಪಣಂಬೂರು_ಗಾಳಿ:
ಈ ಟ್ಯಾಂಕಿಗೆ ಥರ್ಮೋಕೋಲ್ ಹಾಕಬಾರದು ಕಾರ್ಪ್ ಅವರೇ. ಫ್ರೇಮ್ ಇಲ್ಲದೆ ಅಡಿಯ ಗಾಜು ನೇರ ಹಲಗೆ ಮೇಲೆ ಕೂರುವ ಟ್ಯಾಂಕಿಗೆ ಬೇಕು. ಸಣ್ಣ ಮರಳಿನ ಕಾಳು ಸಿಕ್ಕಿದರೂ ಗಾಜಿಗೆ ಒತ್ತದಂತೆ ಅದು ತಡೆಯುತ್ತದೆ. ಫ್ರೇಮ್ ಇರುವ ಟ್ಯಾಂಕಿನಲ್ಲಿ ಅಡಿಯ ಗಾಜು ಹಲಗೆಯಿಂದ ಮೇಲೆ ನಿಲ್ಲುತ್ತದೆ. ಅಡಿಗೆ ದಪ್ಪ ಥರ್ಮೋಕೋಲ್ ಇಟ್ಟರೆ ಫ್ರೇಮ್ ಅದರಲ್ಲಿ ಹೂತು, ನಡುವಿನ ಗಾಜನ್ನು ಅದು ಮೇಲಕ್ಕೆ ಒತ್ತುತ್ತದೆ.

ಕಂಕನಾಡಿ_ಕಾರ್ಪ್:
ಅಂಗಡಿಯವರು ಎಲ್ಲದಕ್ಕೂ ಹಾಕಿ ಕೊಡುತ್ತಾರಲ್ಲ?

ಪಣಂಬೂರು_ಗಾಳಿ:
ಅವರ ಹತ್ತಿರ ಜಾಸ್ತಿ ಇರುವುದು ಫ್ರೇಮ್ ಇಲ್ಲದ ಚೌಕ ಟ್ಯಾಂಕ್. ಅದಕ್ಕೆ ಸರಿಯೇ.

ಕದ್ರಿ_ಗಪ್ಪಿ:
ಇದು ನಿಜಕ್ಕೂ ಬೇಕಾದ ಮಾತು. ಟ್ಯಾಂಕಿನ ಅಡಿ ನೋಡಿದೆ, ಗಾಜಿಗೂ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಸಂದು ಇದೆ. ಥರ್ಮೋಕೋಲ್ ಹಾಕುವುದಿಲ್ಲ. ಈಗ ಮರ ಯಾವುದು ಹೇಳಿ. ಮಿಲ್ಲಿನಲ್ಲಿ ಅಕೇಶಿಯಾ ಅಗ್ಗಕ್ಕೆ ಕೊಡುತ್ತೇನೆ ಅಂದರು.

ಪುತ್ತೂರು_ತೋಟ:
ಹಸಿ ಅಕೇಶಿಯಾ ತರಬೇಡಿ. ಒಣಗುವಾಗ ತಿರುಚಿಕೊಳ್ಳುತ್ತದೆ, ಸೀಳುತ್ತದೆ. ಚೆನ್ನಾಗಿ ಒಣಗಿದ್ದು ಸಿಕ್ಕಿದರೆ ಗಟ್ಟಿ ಮರವೇ. ಹಲಸು ಒಳ್ಳೆಯದು, ಕೆತ್ತಲು ಸುಲಭ, ಬಣ್ಣವೂ ಚಂದ. ಹೆಬ್ಬಲಸು ಸಿಕ್ಕಿದರೆ ಇನ್ನೂ ಒಳ್ಳೆಯದು.

ಮೂಡುಬಿದಿರೆ_ಮನೆ:
ಹಳೆ ಹಂಚಿನ ಮನೆ ಕೆಡವುವ ಕಡೆ ಹೋಗಿ ಪಕ್ಕಾಸು, ಅಂದರೆ ಮಾಡಿನ ಓರೆ ಮರ, ಕೇಳಿ. ಐವತ್ತು ಅರವತ್ತು ವರ್ಷ ಹಂಚಿನ ಅಡಿ, ಅಡುಗೆ ಹೊಗೆಯಲ್ಲಿ ಒಣಗಿದ ಮರ. ಅದಕ್ಕಿಂತ ಒಣಗಿದ್ದು ಯಾವ ಮಿಲ್ಲಿನಲ್ಲೂ ಸಿಗುವುದಿಲ್ಲ. ಇನ್ನು ತಿರುಚುವುದಿಲ್ಲ, ಆಗುವುದೆಲ್ಲ ಆಗಲೇ ಆಗಿರುತ್ತದೆ. ಕಿರಾಲುಬೋಗಿ ಸಿಕ್ಕಿದರೆ ಬಿಡಲೇಬೇಡಿ. ಗೆದ್ದಲು ಅದನ್ನು ಸುಲಭಕ್ಕೆ ಮುಟ್ಟುವುದಿಲ್ಲ.

ಬ್ರಹ್ಮಾವರದ_ಬಡಗಿ:
ಪಕ್ಕಾಸು ಒಪ್ಪಿದೆ. ಎರಡು ಎಚ್ಚರ. ಹಳೆ ಮರದೊಳಗೆ ಮೊಳೆ ಮುರಿದು ಕೂತಿರುತ್ತದೆ. ತೋಪಡ (ಮರ ಹೆರೆದು ನಯ ಮಾಡುವ ಉಪಕರಣ) ಹಾಕುವ ಮೊದಲು ಅಯಸ್ಕಾಂತ ಓಡಿಸಿ ನೋಡಿ, ಇಲ್ಲದಿದ್ದರೆ ಬ್ಲೇಡು ಹೋಯಿತು. ಕಿರಾಲುಬೋಗಿಗೆ ಮೊದಲು ಡ್ರಿಲ್ಲಿನಲ್ಲಿ ತೂತು ಮಾಡದೆ ಸ್ಕ್ರೂ ತಿರುಗಿಸಿದರೆ ಸ್ಕ್ರೂನ ತಲೆ ತುಂಡಾಗಿ ಕೈಗೆ ಬರುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ತಗೊಳ್ಳಿ, ತುದಿಗೆ ಸ್ವಲ್ಪ ಸೋಪು ಹಚ್ಚಿ.
ಪ್ಲೈಗೆ ಐಎಸ್ 710 ಅಂತ ಮುದ್ರೆ ಇರುವುದನ್ನೇ ಕೇಳಿ, ಮರೀನ್ ಪ್ಲೈ ಅಂದರೆ ಅದು. ಎಂಆರ್ ಅಂತ ಬರೆದದ್ದು ತೇವದ ಗಾಳಿ ತಡೆಯುತ್ತದೆ, ನೀರು ನಿಂತರೆ ತಡೆಯುವುದಿಲ್ಲ. ಅಂಟೂ ಹಾಗೆಯೇ. ಬಿಳಿ ಫೆವಿಕಾಲ್ ಮೇಜಿಗೆ ಆಯಿತು, ಇದಕ್ಕೆ ಫೆವಿಕಾಲ್ ಮರೀನ್ ಬಳಸಿ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹತ್ತಿರ ಹೋಗಬೇಡಿ. ನೀರು ಹೀರಿದರೆ ಇಡ್ಲಿಯ ಹಾಗೆ ಉಬ್ಬುತ್ತದೆ.

ಮಲ್ಪೆ_ದಕ್ಕೆ:
ಮೇಲಿನ ಹಲಗೆಗೆ ಫೈಬರ್ ದೋಣಿಗೆ ಹಾಕುವ ರೆಸಿನ್ ಒಂದು ಕೋಟ್ ಕೊಟ್ಟರೆ ನೀರಿನ ಚಿಂತೆಯೇ ಇಲ್ಲ. ಮಲ್ಪೆಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ. ಕತ್ತರಿಸಿದ ಅಂಚಿಗೆ ಎರಡು ಸಲ ಹಚ್ಚಿ, ನೀರು ಒಳಗೆ ಹೋಗುವುದು ಅಲ್ಲಿಂದಲೇ.

ಪಣಂಬೂರು_ಗಾಳಿ:
ಮರಕ್ಕೆ ಪಾಲಿಯೆಸ್ಟರ್ ರೆಸಿನ್‌ಗಿಂತ ಎಪಾಕ್ಸಿ ಚೆನ್ನಾಗಿ ಕಚ್ಚುತ್ತದೆ. ಬೆಲೆ ಜಾಸ್ತಿ, ಆದರೆ ಒಂದೇ ಹಲಗೆ ಅಲ್ವಾ.

ಮಲ್ಪೆ_ದಕ್ಕೆ:
ಅದೂ ನಿಜ. ಪಾಲಿಯೆಸ್ಟರ್ ತರುವವರಿಗೆ ಮಾತ್ರ ಒಂದು ಮಾತು, ದಯವಿಟ್ಟು ಗಮನ ಕೊಡಿ. ಹಾರ್ಡನರ್ ಮತ್ತು ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರಾವಣ) ಎರಡನ್ನೂ ನೇರವಾಗಿ ಒಟ್ಟಿಗೆ ಸೇರಿಸಬಾರದು. ಸಿಡಿಯುತ್ತದೆ, ಬೆಂಕಿ ಹಿಡಿಯುತ್ತದೆ. ಮೊದಲು ರೆಸಿನ್‌ಗೆ ಕೋಬಾಲ್ಟ್ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಕಿಟಕಿ ತೆರೆದಿರಲಿ. ವಾಸನೆ ಪೂರ್ತಿ ಹೋಗುವವರೆಗೆ ಮೀನಿನ ಹತ್ತಿರ ತರಬೇಡಿ.

ಉಡುಪಿ_ಟೆಟ್ರಾ:
ವಿಷಯ ಬೇರೆ, ಆದರೂ ಕೇಳುತ್ತೇನೆ. ಕದ್ರಿಯವರೇ, ಯಾವ ಮೀನು ಬಿಡುತ್ತೀರಿ? ಬಾವಿ ನೀರಾ, ನಲ್ಲಿ ನೀರಾ?

ಕದ್ರಿ_ಗಪ್ಪಿ:
ನಮ್ಮ ಕಟ್ಟಡಕ್ಕೆ ಬಾವಿ ಇದೆ. ಟೆಟ್ರಾ, ಕೋರಿಡೋರಾಸ್ ಅಂತ ಯೋಚನೆ.

ಉಡುಪಿ_ಟೆಟ್ರಾ:
ಭಾರೀ ಒಳ್ಳೆಯದಾಯಿತು. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ ಕಡೆಗೆ ಇರುತ್ತದೆ. ಟೆಟ್ರಾಗಳಿಗೆ ಅದೇ ಇಷ್ಟ. ಗಪ್ಪಿಗೆ ಅಷ್ಟು ಹಿಡಿಸುವುದಿಲ್ಲ. ಕಡಲ ದಂಡೆಯ ಬಾವಿಯಾದರೆ ಬೇಸಿಗೆಯಲ್ಲಿ ಉಪ್ಪು ಬರುತ್ತದಾ ಅಂತ ನೋಡಿಕೊಳ್ಳಬೇಕು.

ಕುಂದಾಪ್ರ_ಕೋಡಿ:
ಟ್ಯಾಂಕಿಗೆ ಮಿಸ್ ಕೇರಳ ಮೀನು ತಂದು ಹಾಕಿ. ನಮ್ಮ ಪಶ್ಚಿಮ ಘಟ್ಟದ ಮೀನೇ. ಎಂತಾ ಚಂದ ಗೊತ್ತಾ, ಗುಂಪಾಗಿ ಈಜುವಾಗ!

ಉಡುಪಿ_ಟೆಟ್ರಾ:
ಅದಕ್ಕೆ ಓಡಾಡಲು ಉದ್ದ ಬೇಕು, ಹರಿವೂ ಬೇಕು. ನಾಲ್ಕು ಅಡಿಯಲ್ಲಿ ಆರು ಮೀನು ಇಡಬಹುದು, ಜಾಸ್ತಿ ಬೇಡ. ಹೊಳೆಯಿಂದ ಹಿಡಿದದ್ದನ್ನು ಕೊಳ್ಳಬೇಡಿ, ಸಾಕಣೆಯದ್ದು ಕೇಳಿ. ಹಿಡಿದು ಹಿಡಿದೇ ಅದು ಅಪರೂಪ ಆಗಿರುವುದು.

ಕದ್ರಿ_ಗಪ್ಪಿ:
ಪಕ್ಕಾಸು ಸಿಕ್ಕಿತು! ಬಂಟ್ವಾಳದ ಕಡೆ ಮನೆ ಕೆಡವುತ್ತಿದ್ದರು, ಹಲಸಿನದ್ದು. ತೋಪಡ ಓಡಿಸಿದಾಗ ಕಪ್ಪು ಮಸಿಯ ಅಡಿಯಿಂದ ಅರಶಿನ ಬಣ್ಣ ಹೊರಗೆ ಬಂತು. ಮೂರು ಪದರದ ಬಾಗಿದ ತೊಲೆ ಕ್ಲಾಂಪಿನಲ್ಲಿದೆ. ಈಗ ಬಾಗಿಲಿನ ಪ್ರಶ್ನೆ. ಮುಂದಿನ ಬಾಗಿಲೂ ಬಾಗಿರಬೇಕಲ್ಲ. ಪ್ಲೈಯ ಹಿಂಬದಿಗೆ ಸಾಲು ಸಾಲು ಗರಗಸದ ಗೆರೆ ಹಾಕಿ ಬಗ್ಗಿಸುತ್ತಾರೆ ಅಂತ ನೋಡಿದೆ. ಹಾಗೆ ಮಾಡಲಾ?

ಪುತ್ತೂರು_ತೋಟ:
ಹೌದು, 18 ಮಿ.ಮೀ. ಪ್ಲೈಗೆ ಒಂದೊಂದು ಸೆಂ.ಮೀ.ಗೆ ಒಂದು ಗೆರೆ. ಮೂರು ನಾಲ್ಕು ಮಿ.ಮೀ. ಉಳಿಸಿ ಕೊಯ್ದರೆ ಬಗ್ಗುತ್ತದೆ.

ಬ್ರಹ್ಮಾವರದ_ಬಡಗಿ:
ಇಷ್ಟು ಸಣ್ಣ ಬಾಗಿಗೆ ಅದು ಬೇಡ. ಗೆರೆ ಹಾಕಿದ ಕಡೆ ಮುಂದಿನ ಮುಖ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಆ ಗೆರೆಗಳೊಳಗೆ ತೇವ ಕೂರುತ್ತದೆ. 185 ಸೆಂ.ಮೀ. ತ್ರಿಜ್ಯಕ್ಕೆ 6 ಮಿ.ಮೀ. ಪ್ಲೈ ಕೈಯಲ್ಲೇ ಬಗ್ಗುತ್ತದೆ. ತೊಲೆ ಕತ್ತರಿಸಿದಾಗ ಉಳಿದ ತುಂಡುಗಳು ಇರಬೇಕಲ್ಲ, ಅದೇ ಬಾಗಿನವು. ಅವನ್ನು ನಿಲ್ಲಿಸಿ ಅಚ್ಚು ಮಾಡಿ. ಅದರ ಮೇಲೆ 6 ಮಿ.ಮೀ.ನ ಎರಡು ಹಾಳೆ, ನಡುವೆ ಅಂಟು. ಬಿಗಿದು ಒಂದು ದಿನ ಬಿಡಿ. ತೆಗೆದಾಗ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಅಚ್ಚನ್ನು ಒಂಚೂರು ಜಾಸ್ತಿ ಬಾಗಿಸಿ ಇಡಬೇಕು. ಬಾಗಿಲು ಉದ್ದದ ಒಂದೇ ಬೇಡ, ಎರಡು ಮಾಡಿ.

ಮಣಿಪಾಲ_ಮೀನಾಕ್ಷಿ:
ಬಾಗಿಲಿನ ಅಡಿಯಲ್ಲೋ ಹಿಂದೆಯೋ ಗಾಳಿಗೆ ಸಂದು ಬಿಡಿ. ಮುಚ್ಚಿದ ಕಪಾಟಿನಲ್ಲಿ ಜೂನ್ ಜುಲೈಯಲ್ಲಿ ಬೂಸ್ಟು ಬರುವುದು ನಮಗೆಲ್ಲ ಗೊತ್ತಲ್ಲ. ಪ್ಲಗ್ ಪಾಯಿಂಟ್ ಕಪಾಟಿನ ಮೇಲ್ಭಾಗದಲ್ಲಿ ಇರಲಿ. ವೈರ್ ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹತ್ತಬೇಕು. ಆಗ ವೈರಿನ ಮೇಲೆ ಹರಿದ ನೀರು ಕೆಳಗೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದೆ ಟ್ಯಾಂಕಿನೊಳಗೆ ಕೈ ಹಾಕಬೇಡಿ.

ಸುರತ್ಕಲ್_ಸಿವಿಲ್:
ನೀರು ತುಂಬುವ ಮೊದಲು ಹಲಗೆ ಸಪಾಟು ಉಂಟಾ ನೋಡಿ. ಹೆಚ್ಚಾಗಿ ಟ್ಯಾಂಕ್ ಒಡೆಯುವುದು ಸ್ಟ್ಯಾಂಡ್ ಬಲ ಸಾಲದೆ ಅಲ್ಲ, ಹಲಗೆ ತಿರುಚಿ ಒಂದು ಮೂಲೆ ಮೇಲೆ ನಿಂತು. ಖಾಲಿ ಟ್ಯಾಂಕ್ ಇಟ್ಟು, ಫ್ರೇಮಿನ ಅಡಿಗೆ ಸುತ್ತಲೂ ಒಂದು ಕಾಗದದ ಹಾಳೆ ತೂರಿಸಿ ನೋಡಿ. ಬಾಗಿದ ಕಡೆ ಮುಖ್ಯವಾಗಿ. ಎಲ್ಲಾದರೂ ಸಲೀಸಾಗಿ ಒಳಗೆ ಹೋದರೆ ಆ ಜಾಗ ಆಧಾರವಿಲ್ಲದೆ ಉಂಟು ಅಂತ ಅರ್ಥ. ಟ್ಯಾಂಕ್ ತೆಗೆದು ಎತ್ತರ ಇರುವ ಕಡೆ ಉಜ್ಜಬೇಕು.
ರಸಮಟ್ಟ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ನೆಲ ಓರೆ ಇದ್ದರೆ ಬೆಣೆ ಕೊಡುವುದು ಸ್ಟ್ಯಾಂಡಿನ ಅಡಿಗೆ. ಟ್ಯಾಂಕಿಗೂ ಹಲಗೆಗೂ ನಡುವೆ ಏನನ್ನೂ ತುರುಕಬೇಡಿ. ಅರ್ಧ ತುಂಬಿಸಿ ಒಂದು ರಾತ್ರಿ ಬಿಟ್ಟು, ಎರಡು ತುದಿಯಲ್ಲಿ ನೀರಿನ ಎತ್ತರ ಅಳೆದು, ಆಮೇಲೆ ಪೂರ್ತಿ ತುಂಬಿಸಿ.

ಕದ್ರಿ_ಗಪ್ಪಿ:
ಹಾಳೆ ತೂರಿಸಿ ನೋಡಿದೆ ಸರ್. ಮೂರು ಬದಿ ಬಿಗಿ. ಬಾಗಿನ ಎಡಗಡೆ, ಕಾಲಿಗಿಂತ ಒಂದು ಗೇಣು ಆಚೆ, ಹಾಳೆ ಒಳಗೆ ಹೋಗುತ್ತಿದೆ. ಎರಡು ಹಾಳೆ ಹೋಗುವುದಿಲ್ಲ.

ಬ್ರಹ್ಮಾವರದ_ಬಡಗಿ:
ಒಂದೇ ಹಾಳೆಯಾದರೆ ಅದು ತೊಲೆಯ ಎರಡು ಪದರದ ನಡುವಿನ ಅಂಟು ಬಲಗಡೆ ಕಡಿಮೆ ಒತ್ತಿ ದಪ್ಪ ಉಳಿದದ್ದು ಇರಬಹುದು. ಬಲಗಡೆಯನ್ನು 120 ನಂಬರಿನ ಉಜ್ಜುಕಾಗದದಿಂದ ಮೆಲ್ಲ ಇಳಿಸಿ. ಉಜ್ಜುಕಾಗದವನ್ನು ಉದ್ದದ ನೇರ ಪಟ್ಟಿಗೆ ಸುತ್ತಿ ಉಜ್ಜಬೇಕು, ಕೈಯಲ್ಲಿ ಹಿಡಿದು ಉಜ್ಜಿದರೆ ಗುಂಡಿ ಬೀಳುತ್ತದೆ. ಎಪಾಕ್ಸಿ ಹಚ್ಚುವ ಮೊದಲೇ ಇದು ಮುಗಿಯಲಿ.

ಕಂಕನಾಡಿ_ಕಾರ್ಪ್:
ಬಾಗಿಲಿಗೆ ಯಾವ ಹಿಂಜ್ ಹಾಕುತ್ತೀರಿ? ನನ್ನ ನೇರ ಸ್ಟ್ಯಾಂಡಿನ ಬಾಗಿಲೂ ಬದಲಾಯಿಸಬೇಕು.

ಮಲ್ಪೆ_ದಕ್ಕೆ:
ಹಿತ್ತಾಳೆಯದ್ದು. ಸಾದಾ ಕಬ್ಬಿಣದ್ದು ಇಲ್ಲಿ ಬಾಳುವುದಿಲ್ಲ.